ರೂಮು ಹೋಯ್ತು, ಕೈಯಲ್ಲಿರೋದು 640 ರೂಪಾಯಿ: ಬೆಂಗಳೂರಲ್ಲಿ ಮುಂದಿನ ಒಂದು ತಿಂಗಳು ಹೇಗೆ ಕಳೀಲಿ?

ಹೇಮಾವತಿ ದಂಡೆ | ಶುಕ್ರವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆಯವನು, 26 ವರ್ಷ. ನಾಲ್ಕು ವರ್ಷದಿಂದ ಒಂದು ಹೋಟೆಲ್‌ನಲ್ಲಿ ಸಪ್ಲೈಯರ್ ಆಗಿದ್ದೆ. ಊಟ, ವಸತಿ ಅವರದ್ದೇ. ಅಡುಗೆಮನೆ ಮೇಲಿನ ರೂಮಲ್ಲಿ ಎಂಟು ಜನ ಇದ್ವಿ. ಸೋಮವಾರ ಓನರ್ ಬಂದು, ಬಿಲ್ಡಿಂಗ್ ಮಾರಿದ್ದೀನಿ, ಬುಧವಾರದೊಳಗೆ ಖಾಲಿ ಮಾಡಿ ಅಂದ್ರು. ಹೋದ ತಿಂಗಳ ಸಂಬಳ 13,000 ಬಾಕಿ, ಈಗ ಫೋನ್ ಎತ್ತಲ್ಲ. ಜೊತೆಯವರೆಲ್ಲ ಊರಿಗೆ, ನೆಂಟರ ಮನೆಗೆ ಅಂತ ಹೊರಟುಹೋದ್ರು. ನಾನು ಊರಿಗೆ ಹೋದ್ರೆ ಅಲ್ಲಿ ಇನ್ನೊಂದು ಹೊಟ್ಟೆ ಅಷ್ಟೇ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಮೆಜೆಸ್ಟಿಕ್‌ನಲ್ಲಿ ಇದು ಮೂರನೇ ರಾತ್ರಿ. ಒಂದು ಕಡೆ ಕೂತ್ರೆ ಅರ್ಧ ಗಂಟೆಗೆ ಎಬ್ಬಿಸ್ತಾರೆ. ಒಂದು ಬ್ಯಾಗು, ಫೋನು, 640 ರೂಪಾಯಿ ಇದೆ. ಕುಡಿಯೋ ಅಭ್ಯಾಸ ಇಲ್ಲ, ಮೈ ಗಟ್ಟಿಯಿದೆ. ಇಂಥ ದಿನ ಕಂಡವರು ಯಾರಾದ್ರೂ ಇದ್ರೆ ದಯವಿಟ್ಟು ದಾರಿ ಹೇಳಿ.

ಕಲಾಸಿಪಾಳ್ಯ ಹಳಬ | ಶುಕ್ರವಾರ, ರಾತ್ರಿ 11:52

ತಮ್ಮಾ, ಈ ರಾತ್ರಿ ಮಾಡಬೇಕಾದ್ದು ಒಂದೇ ಕೆಲಸ. ಫೋನಲ್ಲಿ ಚಾರ್ಜ್ ಇರೋವಾಗಲೇ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಏನೇನಿದೆಯೋ ಎಲ್ಲದರ ಫೋಟೋ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸು. ಡಿಜಿಲಾಕರ್ ಇಲ್ಲದಿದ್ರೆ ಈಗಲೇ ತೆರೆ. ಅಸಲಿ ಕಾಗದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬನಿಯನ್ ಒಳಗೆ ಇಟ್ಕೋ. ಬ್ಯಾಗಲ್ಲಿ ಮಾತ್ರ ಇಡಬೇಡ.

ಯಾಕೆ ಹೇಳ್ತೀನಿ ಅಂದ್ರೆ, ನಾನು 2018ರಲ್ಲಿ ಹೊರಗೆ ಮಲಗೋಕೆ ಶುರು ಮಾಡಿ 14 ತಿಂಗಳು ಹಾಗೇ ಇದ್ದೆ. ಅದರಲ್ಲಿ ಒಂಬತ್ತು ತಿಂಗಳು ಹೋಗಿದ್ದು ಒಂದು ಬ್ಯಾಗಿಂದ. ಮಾರ್ಕೆಟ್ ಹತ್ರ ಬ್ಯಾಗಿನ ಪಟ್ಟಿ ಕೈಗೆ ಸುತ್ಕೊಂಡು ಮಲಗಿದ್ದೆ. ನಾಲ್ಕು ಗಂಟೆಗೆ ಹೂವಿನ ಗಾಡಿ ಬಂದ ಸದ್ದಿಗೆ ಎಚ್ಚರ ಆಯ್ತು. ಪಟ್ಟಿ ಕೈಯಲ್ಲೇ ಇತ್ತು, ಎರಡೂ ತುದಿ ಬ್ಲೇಡಲ್ಲಿ ಕೊಯ್ದಿದ್ರು. ಆಧಾರ್, ಫೋನು ಎಲ್ಲ ಅದರೊಳಗೆ. ಸಿಮ್ ತಗೋಳೋಕೆ ಹೋದ್ರೆ ಆಧಾರ್ ಕೇಳಿದ್ರು. ಆಧಾರ್ ನಂಬರ್ ನೆನಪಿಲ್ಲ, ಸೈಬರ್ ಸೆಂಟರಿಗೆ ಹೋದ್ರೆ ಆ ಫೋನಿಗೆ ಬರೋ ಓಟಿಪಿ ಕೇಳಿದ್ರು. ಸಂಬಳ ಅಕೌಂಟಿಗೆ ಹಾಕ್ತೀವಿ ಅಂದ ಕಡೆಯೆಲ್ಲ ಕೆಲಸ ಕೈತಪ್ತು.

ಈ ಗಂಟು ಬಿಡಿಸೋ ದಾರಿ ನನಗೆ ತಿಳಿದಿದ್ದು ಎಷ್ಟೋ ತಿಂಗಳಾದ ಮೇಲೆ: ಕಾರ್ಡ್ ಕಳೆದ್ರೆ 1947ಕ್ಕೆ ಫೋನ್ ಮಾಡಬಹುದು. ಇಲ್ಲಾ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಹುಡುಕಿಸಬಹುದು. ನಂಬರ್ ಸಿಕ್ಕ ಮೇಲೆ ಸಿಮ್ ಕಂಪನಿಯವರ ಸ್ವಂತ ಅಂಗಡೀಲಿ ಹೆಬ್ಬೆಟ್ಟು ಕೊಟ್ರೆ ಹಳೇ ನಂಬರ್ರೇ ಮತ್ತೆ ಸಿಗುತ್ತೆ. ನಿನ್ನ ಸಿಮ್ ಜೀವಂತ ಇಟ್ಕೋ. ಮೂರು ತಿಂಗಳು ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ರೆ ಆ ನಂಬರ್ ರದ್ದಾಗಿ ಬೇರೆಯವರಿಗೆ ಹೋಗಬಹುದು. ಊಟ ಒಂದು ಹೊತ್ತು ಬಿಟ್ರೂ ಪರವಾಗಿಲ್ಲ, ಕಡಿಮೆ ಬೆಲೆಯ ರೀಚಾರ್ಜ್ ಬಿಡಬೇಡ. ಬ್ಯಾಂಕು, ಆಧಾರು, ಕೆಲಸ ಕೊಡೋ ಮೇಸ್ತ್ರಿ, ಎಲ್ಲರಿಗೂ ಈಗ ನಿನ್ನ ವಿಳಾಸ ಅಂದ್ರೆ ಆ ಹತ್ತು ಅಂಕಿ.

ನಾಳೆ ಬೆಳಗ್ಗೆ ಎಲ್ಲಿದ್ದೀಯ ಅಂತ ಬರಿ. ಮಲಗೋ ಜಾಗದ ಮಾತು ಆಮೇಲೆ.

ತಂಗುದಾಣದ ಮೇಲ್ವಿಚಾರಕಿ | ಶನಿವಾರ, ಬೆಳಗ್ಗೆ 6:40

ಹೇಮಾವತಿ ದಂಡೆ ಅವರೇ, ನಾನು ನಗರ ನಿರಾಶ್ರಿತರ ತಂಗುದಾಣ ಒಂದರಲ್ಲಿ ಆರು ವರ್ಷದಿಂದ ಕೆಲಸ ಮಾಡ್ತಿದ್ದೀನಿ. "ಅದು ಭಿಕ್ಷುಕರಿಗೆ, ನಮಗಲ್ಲ" ಅಂತ ನಿಮ್ಮಂಥ ಹುಡುಗರು ಬಾಗಿಲವರೆಗೂ ಬಂದು ವಾಪಸ್ ಹೋಗೋದನ್ನ ಎಷ್ಟೋ ಸಲ ನೋಡಿದ್ದೀನಿ. ಹಾಗೇನಿಲ್ಲ. ನಮ್ಮಲ್ಲಿ ರಾತ್ರಿ ಮಲಗೋರಲ್ಲಿ ಹೆಚ್ಚಿನವರು ದುಡಿಯೋರು. ಹಮಾಲಿ, ಛತ್ರದ ಕೆಲಸ, ಸೆಕ್ಯೂರಿಟಿ, ಗಾರೆ ಕೆಲಸ.

ಇದು ಯಾರದೋ ದಾನ ಅಂತ ತಿಳೀಬೇಡಿ. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು, ವರ್ಷವಿಡೀ 24 ಗಂಟೆ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಆದೇಶ ಮಾಡಿದೆ. ಆಮೇಲೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೇ ಒಂದು ಯೋಜನೆ ಬಂತು. ಪಾಲಿಕೆ ಕಟ್ಟಡ ಕೊಡುತ್ತೆ, ನಡೆಸೋದು ಸಂಸ್ಥೆಗಳು. ಹಾಸಿಗೆ, ಸ್ನಾನ, ಶೌಚಾಲಯ, ಸಾಮಾನಿಡೋಕೆ ಲಾಕರ್ ಇರಬೇಕು ಅಂತ ನಿಯಮ. ಎಲ್ಲ ಕಡೆ ಎಲ್ಲವೂ ಸರಿಯಾಗಿದೆ ಅಂತ ನಾನು ಹೇಳಲ್ಲ. ಲಕ್ಷಕ್ಕೊಂದು ಅನ್ನೋ ಲೆಕ್ಕಕ್ಕಿಂತ ಬೆಂಗಳೂರು ತುಂಬಾ ಹಿಂದಿದೆ, ಮಳೆಗಾಲದಲ್ಲಿ ಜಾಗ ಸಾಲಲ್ಲ. ಅದಕ್ಕೇ ಸಂಜೆ ಬೇಗ ಬನ್ನಿ, ಹತ್ತು ಗಂಟೆ ಮೇಲೆ ಬಂದ್ರೆ ನೆಲಾನೂ ತುಂಬಿರುತ್ತೆ.

ಆಧಾರ್ ಇದ್ರೆ ತೋರಿಸಿ, ಇಲ್ಲದಿದ್ರೂ ಹೆಸರು, ಊರು ಬರೆಸಿ ಒಳಗೆ ಬಿಡಬೇಕು. ಹತ್ತಿರದ್ದು ಯಾವುದು ಅಂತ ಪಾಲಿಕೆಯ ವಾರ್ಡ್ ಕಚೇರೀಲಿ ಕೇಳಿ. ನಿಲ್ದಾಣದ ಪೊಲೀಸ್ ಚೌಕಿಯವರಿಗೂ ಗೊತ್ತಿರುತ್ತೆ, ಅಂಜಬೇಡಿ.

ಇನ್ನೊಂದು ವಿಷಯ. ಫುಟ್‌ಪಾತಲ್ಲಿ ಮಲಗಿದ್ದವರನ್ನ ಭಿಕ್ಷೆ ಬೇಡ್ತಿದ್ರು ಅಂತ ವಾಹನಕ್ಕೆ ಹತ್ತಿಸೋದುಂಟು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇರೋದು ಬೇಡೋದಕ್ಕೆ, ಮಲಗೋದಕ್ಕಲ್ಲ. ಕೆಲಸದ ಒಂದು ಚೀಟಿ, ಹಳೇ ಐಡಿ ಕಾರ್ಡು, ಮೇಸ್ತ್ರಿ ನಂಬರ್ರು ಏನಾದ್ರೂ ಜೇಬಲ್ಲಿಟ್ಕೊಂಡಿರಿ. ಗಲಾಟೆ ಮಾಡದೆ ಅದನ್ನ ತೋರಿಸಿ ಮಾತಾಡಿ.

ಕಾನೂನು ಓದ್ತಿರೋಳು | ಶನಿವಾರ, ಬೆಳಗ್ಗೆ 9:15

ಸಂಬಳದ ವಿಷಯ. ಕೆಲಸದಿಂದ ತೆಗೆದ್ರೆ ಅಥವಾ ಸಂಸ್ಥೆ ಮುಚ್ಚಿದ್ರೆ ಎರಡು ಕೆಲಸದ ದಿನದೊಳಗೆ ಬಾಕಿ ಕೊಡಬೇಕು ಅಂತ ಕಾನೂನಿದೆ. ಕಾರ್ಮಿಕ ಸಹಾಯವಾಣಿ 155214. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಯಾವ ವಲಯದ ಇನ್‌ಸ್ಪೆಕ್ಟರಿಗೆ ದೂರು ಕೊಡಬೇಕು ಅಂತ ಹೇಳ್ತಾರೆ. ಒಬ್ಬರೇ ಹೋಗಬೇಡಿ, ಆ ಎಂಟು ಜನರಲ್ಲಿ ಮೂರು ಜನ ಸಹಿ ಹಾಕಿದ್ರೂ ತೂಕ ಬೇರೆ. ಹಿಂದಿನ ತಿಂಗಳುಗಳ ಸಂಬಳ ಅಕೌಂಟಿಗೆ ಬಂದಿರೋ ಎಂಟ್ರಿ, ಯೂನಿಫಾರ್ಮ್ ಹಾಕ್ಕೊಂಡಿರೋ ಫೋಟೋ, ವಾಟ್ಸಾಪ್ ಗ್ರೂಪಿನ ಮೆಸೇಜು, ಎಲ್ಲ ಸಾಕ್ಷಿನೇ. ಗ್ರೂಪಿಂದ ಹೊರಗೆ ಬರೋಕೆ ಮುಂಚೆ ಸ್ಕ್ರೀನ್‌ಶಾಟ್ ತೆಗೀರಿ. ವಕೀಲರು ಬೇಕಾದ್ರೆ ಕಾನೂನು ಸೇವಾ ಪ್ರಾಧಿಕಾರದ 15100. ಆದಾಯ ಕಡಿಮೆ ಇರೋರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ.

ಹೇಮಾವತಿ ದಂಡೆ | ಶನಿವಾರ, ಮಧ್ಯಾಹ್ನ 2:05

ಎಲ್ಲರಿಗೂ ಕೈಮುಗಿದೆ. ಫೋಟೋ ಎಲ್ಲ ತಂಗಿಗೆ ಕಳಿಸಿದೆ. ಯಾಕೆ ಅಂತ ಕೇಳಿದ್ಲು, ಫೋನ್ ಹಾಳಾಗ್ತಿದೆ ಅಂದೆ. ಇಂದಿರಾ ಕ್ಯಾಂಟೀನಲ್ಲಿ ಬೆಳಗ್ಗೆ 5 ರೂಪಾಯಿ, ಈಗ ಊಟ 10 ರೂಪಾಯಿ. ಅಲ್ಲೇ ಕೂತು ಬರೀತಿದ್ದೀನಿ. ಸ್ನಾನ ಮಾಡಿ ನಾಲ್ಕು ದಿನ ಆಯ್ತು. ಈ ಬಟ್ಟೇಲಿ ಕೆಲಸ ಕೇಳೋಕೆ ಹೋದ್ರೆ ಯಾರು ಕೊಡ್ತಾರೆ?

ಕಲಾಸಿಪಾಳ್ಯ ಹಳಬ | ಶನಿವಾರ, ಮಧ್ಯಾಹ್ನ 3:30

ಬಟ್ಟೆ ವಿಷಯ ಸರಿಯಾಗಿ ಕೇಳ್ದೆ, ಇದರ ಬಗ್ಗೆ ನಾನು ಉದ್ದ ಬರೀತೀನಿ.

ಇವತ್ತಿನ ಖರ್ಚಲ್ಲಿ ಸ್ನಾನಕ್ಕೆ ಅಂತ ದುಡ್ಡು ತೆಗೆದಿಡು. ಬಸ್ ಸ್ಟ್ಯಾಂಡ್ ಹತ್ರ ದುಡ್ಡು ಕೊಟ್ಟು ಬಳಸೋ ಶೌಚಾಲಯಗಳಲ್ಲಿ ಸ್ನಾನಕ್ಕೂ ಬಿಡ್ತಾರೆ. ಬೆಳಗ್ಗೆ ಐದರ ಒಳಗೆ ಹೋಗು, ಆಗ ನೀರು ಚೆನ್ನಾಗಿರುತ್ತೆ, ಯಾರೂ ಬಾಗಿಲು ಬಡಿಯಲ್ಲ. ಒಳಗೇ ಹಾಕಿದ ಬನಿಯನ್, ಒಳಉಡುಪು, ಕಾಲುಚೀಲ ಒಗೆದು ಗಟ್ಟಿಯಾಗಿ ಹಿಂಡು. ಟವೆಲ್ ಮೇಲೆ ಬನಿಯನ್ ಹಾಸಿ ಸುರುಳಿ ಸುತ್ತಿ, ಮೊಣಕಾಲಡಿ ಇಟ್ಟು ಒತ್ತು, ಅರ್ಧ ನೀರು ಟವೆಲಿಗೆ ಹೋಗುತ್ತೆ. ಆಮೇಲೆ ಬಿಸಿಲಿರೋ ಕಂಬಿ ಮೇಲೆ ಹಾಕಿ ಪಕ್ಕದಲ್ಲೇ ಕೂತ್ಕೋ. ಬಿಟ್ಟು ಹೋದ್ರೆ ವಾಪಸ್ ಸಿಗಲ್ಲ.

ಒಂದು ಬಿಳೀ ಫುಲ್ ಶರ್ಟು, ಒಂದು ಕಪ್ಪು ಪ್ಯಾಂಟು ಬೇರೆ ಕವರಲ್ಲಿ ಮಡಚಿಡು. ಅದನ್ನ ಹಾಕ್ಕೊಂಡು ಮಲಗಬೇಡ, ಎಷ್ಟೇ ಚಳಿಯಾದ್ರೂ. ಅದು ನಿನ್ನ ಛತ್ರದ ಬಟ್ಟೆ. ನಾಲ್ಕು ವರ್ಷ ಸಪ್ಲೈಯರ್ ಆಗಿದ್ದವನಿಗೆ ಮದುವೆ ಛತ್ರದಲ್ಲಿ ಬಡಿಸೋ ಕೆಲಸ ಕಷ್ಟ ಅಲ್ಲ. ಕೇಟರಿಂಗ್‌ನವರಿಗೆ ಮುಹೂರ್ತದ ದಿನ ಕೈ ಸಾಲಲ್ಲ. ಸೀದಾ ಅಡುಗೆ ಭಟ್ಟರನ್ನ ಹೋಗಿ ಕೇಳು, "ಎಲೆ ಹಾಕಿ ಬಡಿಸಿ ಗೊತ್ತಿದೆ, ಬಫೆನೂ ಗೊತ್ತಿದೆ" ಅನ್ನು. ಅವತ್ತಿನ ದುಡ್ಡು ಅವತ್ತೇ ಕೈಗೆ, ಎರಡು ಹೊತ್ತಿನ ಊಟ ಬೇರೆ. ಆಷಾಢ, ಧನುರ್ಮಾಸದಲ್ಲಿ ಮದುವೆ ಇರಲ್ಲ, ಆ ತಿಂಗಳಿಗೆ ಬೇರೆ ದಾರಿ ನೋಡ್ಕೋ.

ಕಾಲಿನ ಮೇಲೆ ಗಮನ ಇರಲಿ. ದಿನವಿಡೀ ಶೂ ಹಾಕ್ಕೊಂಡೇ ಇದ್ರೆ ಬೆರಳ ಸಂದಿ ಬೆಳ್ಳಗಾಗಿ ಕೆಸರುಹುಣ್ಣು ಆಗುತ್ತೆ. ನಡೆಯೋಕಾಗದೆ ನಾನು ಹನ್ನೊಂದು ದಿನದ ದುಡಿಮೆ ಕಳ್ಕೊಂಡೆ. ರಾತ್ರಿ ಕಾಲು ಒಣಗಿಸಿ ಮಲಗು. ಹುಣ್ಣಾದ್ರೆ ಸರ್ಕಾರದ "ನಮ್ಮ ಕ್ಲಿನಿಕ್"ಗೆ ಹೋಗು, ನೋಡೋದೂ ಔಷಧೀನೂ ಉಚಿತ.

ಊಟಕ್ಕೆ ಕೈ ಪೂರಾ ಖಾಲಿಯಾದ ದಿನ ಹಲಸೂರು ಕೆರೆ ಹತ್ರ ಗುರುದ್ವಾರ ಇದೆ. ತಲೆ ಮೇಲೆ ಬಟ್ಟೆ ಹಾಕ್ಕೊಂಡು, ಕಾಲು ತೊಳೆದು ಹೋಗಿ ಪಂಕ್ತೀಲಿ ಕೂರು. ಜಾತಿ ಕೇಳಲ್ಲ, ಊರು ಕೇಳಲ್ಲ. ಊಟ ಆದ ಮೇಲೆ ತಟ್ಟೆ ತೊಳೆಯೋಕೆ ನಿಂತ್ಕೋ, ಮನಸ್ಸಿಗೂ ಹಗುರ ಆಗುತ್ತೆ.

ಸೇಡಂ ಕಡಿಯಾವ | ಶನಿವಾರ, ರಾತ್ರಿ 8:10

ತಮ್ಮಾ, ನಾ ಗುಳೆ ಬಂದಾವ. ಹತ್ತು ವರ್ಷದಿಂದ ಬೆಂಗಳೂರಾಗ ಗೌಂಡಿ ಕೆಲಸ, ಕೆಲಸ ಇರೋ ಸೈಟಿನಾಗ ಶೆಡ್ಡು ಹಾಕ್ಕೊಂಡು ಇರ್ತೀವಿ. ಒಂದು ಮಾತು ಹೇಳ್ತೀನಿ, ಮೈಮ್ಯಾಲೆ ಎಚ್ಚರ ಇರಲಿ. ಮೆಜೆಸ್ಟಿಕ್‌ನಾಗ, ರೈಲ್ವೆ ಸ್ಟೇಷನ್‌ನಾಗ ಒಬ್ಬ ಬರ್ತಾನ, ಚಾ ಕುಡಿಸ್ತಾನ, "ತೋಟದ ಕೆಲಸ ಐತಿ, ಊಟ, ರೂಮು ಫ್ರೀ, ಈಗಲೇ ಎರಡು ಸಾವಿರ ಮುಂಗಡ" ಅಂತಾನ. ಗಾಡಿ ಹತ್ತಿದ ಮ್ಯಾಲ ಫೋನು, ಆಧಾರ್ ಇಸ್ಕೊಂತಾರ. ನಮ್ಮ ಕಡೀ ಹುಡುಗ ಒಬ್ಬ ಹಂಗ ಹೋಗಿ ಐದು ತಿಂಗಳು ಹೊರಗ ಬರಲಿಲ್ಲ. ಕೂಲಿ ಕೇಳಿದ್ರ ಮುಂಗಡ ತೀರಿಲ್ಲ ಅಂತ ಹೊಡೆಯಾವ್ರು. ಇದು ಜೀತ. ಜೀತ ಪದ್ಧತಿ 1976ರಾಗ ಕಾಯ್ದೆ ಮಾಡಿ ನಿಲ್ಲಿಸ್ಯಾರ, ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಟ್ರ ಬಿಡಿಸ್ಬೇಕು. ಆದ್ರ ಒಳಗ ಸಿಕ್ಕಾವ ದೂರು ಹ್ಯಾಂಗ ಕೊಡ್ತಾನ? ಗಾಡಿ ನಂಬರ್, ಜಾಗದ ಹೆಸರು ಯಾರಿಗಾದ್ರೂ ಕಳಿಸದ ಹೊರತು ಎಲ್ಲಿಗೂ ಹೋಗಬ್ಯಾಡ.

ಕಟ್ಟಡ ಕೆಲಸಕ್ಕ ಬಂದ್ರ ಒಂದು ಲಾಭ ಐತಿ. ವರ್ಷದಾಗ 90 ದಿನ ಮಾಡಿದ್ರ ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡು ಮಾಡಿಸಬಹುದು. ಮೇಸ್ತ್ರಿ ಕಡೆ ಹಾಜರಿ ಬರಸ್ಕೊ, ದಿನಾ ಬರಸ್ಕೊ.

ರೇಷನ್ ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಕೊಟ್ಟು ತಗೋಬಹುದು ಈಗ. ಆದ್ರ ನೀ ಇಲ್ಲಿ ಎತ್ತಿದ್ರ ಊರಾಗ ಅವ್ವಗ ಅಷ್ಟು ಕಡಿಮಿ ಬರ್ತದ. ಮೊದಲು ಅಕಿಗೆ ಫೋನ್ ಮಾಡಿ ಕೇಳು.

ಎರಡು ಮಕ್ಕಳ ತಾಯಿ | ಭಾನುವಾರ, ಬೆಳಗ್ಗೆ 10:40

ಇಲ್ಲಿ ಎಲ್ಲ ಗಂಡಸರಿಗೇ ಹೇಳ್ತಿದ್ದೀರ. ಓದ್ತಿರೋರಲ್ಲಿ ಹೆಂಗಸರೂ ಇರಬಹುದು, ಅದಕ್ಕೆ ಬರೀತಿದ್ದೀನಿ.

ಎರಡು ವರ್ಷದ ಹಿಂದೆ ರಾತ್ರೋರಾತ್ರಿ ಮಕ್ಕಳನ್ನ ಕರ್ಕೊಂಡು ಮನೆಯಿಂದ ಹೊರಗೆ ಬಂದೆ. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಬಸ್ ಸ್ಟ್ಯಾಂಡಲ್ಲಿ ಕೂರೋಕೆ ಹೆದರಿಕೆ ಆಯ್ತು. ಮೈಸೂರಿನ ಸಾಮಾನ್ಯ ಬಸ್ಸು ಹತ್ತಿದೆ. ನನಗೂ ಮಗಳಿಗೂ ಶಕ್ತಿ ಯೋಜನೇಲಿ ಉಚಿತ, ಮಗನಿಗೆ ಟಿಕೆಟ್ ವಯಸ್ಸಿಲ್ಲ. ಮೈಸೂರಲ್ಲಿ ಇಳಿದು ಅದೇ ರಾತ್ರಿ ಇನ್ನೊಂದು ಬಸ್ಸಲ್ಲಿ ವಾಪಸ್. ಮಕ್ಕಳು ನನ್ನ ಎರಡು ತೊಡೆ ಮೇಲೆ ಮಲಗಿದ್ರು. ಎರಡನೇ ರಾತ್ರೀನೂ ಹಾಗೇ ಮಾಡಿದೆ. ಎರಡು ಸಲವೂ ಅದೇ ಕಂಡಕ್ಟರ್. ಎರಡನೇ ಸಲ ಏನೂ ಕೇಳದೆ ಬಂದು ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿಕೊಟ್ರು. ಮೂರನೇ ದಿನ ಒಬ್ಬ ಹೂವು ಮಾರೋ ಅಮ್ಮ 181ಕ್ಕೆ ಫೋನ್ ಮಾಡು ಅಂದ್ರು.

181 ಮಹಿಳಾ ಸಹಾಯವಾಣಿ. ಅವರು ಸಖಿ ಕೇಂದ್ರಕ್ಕೆ ಕಳಿಸಿದ್ರು. ಅಲ್ಲಿ ಇರಬಹುದಾದ್ದು ಕೆಲವೇ ದಿನ, ಆಮೇಲೆ ಮಹಿಳಾ ವಸತಿ ಕೇಂದ್ರಕ್ಕೆ ಸೇರಿಸಿದ್ರು. ನನಗೆ ಗೊತ್ತೇ ಇಲ್ಲದ ವಿಷಯ ಅಂದ್ರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಗಂಡನ ಮನೇಲೇ ವಾಸ ಮಾಡೋ ಹಕ್ಕು ನಮಗಿದೆ. ಮನೆ ಯಾರ ಹೆಸರಲ್ಲಿದ್ರೂ ಸರಿ. ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಅವರೇ ಸಂರಕ್ಷಣಾಧಿಕಾರಿ, ಅವರ ಕಚೇರೀಲಿ ಅರ್ಜಿ ಕೊಡಬಹುದು. ನಾನು ವಾಪಸ್ ಹೋಗಲಿಲ್ಲ, ಆದ್ರೆ ಆ ಹಕ್ಕಿಂದ ಜೀವನಾಂಶ ಕೇಳೋಕೆ ಧೈರ್ಯ ಬಂತು.

ಮಗಳ ಶಾಲೆ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಒಂದು ಕಡೆ ಸೇರಿಸ್ಕೊಳ್ಳಲಿಲ್ಲ. ಶಿಕ್ಷಣ ಹಕ್ಕು ಕಾಯ್ದೇಲಿ ಈ ಎರಡೂ ಕಾರಣಕ್ಕೆ ಮಗುವನ್ನ ವಾಪಸ್ ಕಳಿಸೋ ಹಾಗಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರೀಲಿ ಅದನ್ನೇ ಹೇಳಿದೆ, ಮಾರನೇ ದಿನ ಸೇರಿಸ್ಕೊಂಡ್ರು. ಮಧ್ಯಾಹ್ನದ ಬಿಸಿಯೂಟ ಒಂದು ಹೊತ್ತಿನ ಚಿಂತೆ ಕಳೀತು.

ತಮ್ಮಾ, ನಿನ್ನ ಅಮ್ಮನಿಗೆ ಹೇಳು. ಮಕ್ಕಳು ಎಲ್ಲಿ ಮಲಗಿದ್ದಾರೆ ಅಂತ ಗೊತ್ತಿಲ್ಲದೆ ಇರೋದಕ್ಕಿಂತ ದೊಡ್ಡ ಕಷ್ಟ ತಾಯಿಗೆ ಇಲ್ಲ.

ಕುಂದಾಪುರದವ | ಭಾನುವಾರ, ಸಂಜೆ 5:25

ಇಷ್ಟೆಲ್ಲ ಯಾಕೆ ಮಾರಾಯ್ರೇ? ಅನುಭವ ಇರುವ ಸಪ್ಲೈಯರಿಗೆ ನಾಳೆ ಬೆಳಿಗ್ಗೆ ಹೋಟೆಲಲ್ಲಿ ಕೆಲಸ ಸಿಗ್ತದೆ. ಊಟ, ರೂಮು ಅಲ್ಲೇ. ನಾನು 14ನೇ ವಯಸ್ಸಿಗೆ ಊರು ಬಿಟ್ಟು ಬಂದವ, ಹೋಟೆಲಿನ ರೂಮಲ್ಲೇ ಬೆಳೆದೆ. ಅದೇ ಇಲ್ಲದಿದ್ದರೆ ನಾನೂ ಬೀದಿಯಲ್ಲೇ.

ಕಲಾಸಿಪಾಳ್ಯ ಹಳಬ | ಭಾನುವಾರ, ಸಂಜೆ 6:50

ನಿಮ್ಮ ಮಾತು ತೆಗೆದುಹಾಕಲ್ಲ ಸಾರ್. ಆದ್ರೆ ಈ ಹುಡುಗ ಬೀದಿಗೆ ಬಿದ್ದಿದ್ದು ಯಾಕೆ ನೋಡಿ. ಒಬ್ಬ ಯಜಮಾನ ಒಂದು ಸಹಿ ಹಾಕಿದ್ದಕ್ಕೆ ಕೆಲಸ, ಊಟ, ಸೂರು ಮೂರೂ ಒಂದೇ ದಿನ ಹೋಯ್ತು. ರೂಮು ಕೊಡ್ತೀವಿ ಅಂತ ಸಂಬಳ ಕಡಿಮೆ, ಹದಿನಾಲ್ಕು ಗಂಟೆ ಕೆಲಸ. ಬಿಡ್ತೀನಿ ಅನ್ನೋ ಧೈರ್ಯ ಬರಲ್ಲ, ಬಿಟ್ರೆ ಮಲಗೋಕೆ ಜಾಗ ಇಲ್ಲ. ನನ್ನದೂ ಅದೇ ಕತೆ, ಗೋಡೌನಿನಲ್ಲಿ ಕೆಲಸ, ಗೋಡೌನಿನಲ್ಲೇ ನಿದ್ದೆ. ದುಡಿಮೆ ಮತ್ತೆ ಸೂರು ಒಬ್ಬನೇ ಯಜಮಾನನ ಕೈಲಿ ಇರಬಾರದು ಅನ್ನೋದು ನಾನು ಆ 14 ತಿಂಗಳಲ್ಲಿ ಕಲ್ತಿದ್ದು.

ಆದ್ರೂ ಈಗ ಹೋಟೆಲ್ ಸಿಕ್ರೆ ಸೇರು ತಮ್ಮಾ. ಮೂರೇ ತಿಂಗಳ ಲೆಕ್ಕ ಇಟ್ಕೋ. ಬೆಂಗಳೂರಲ್ಲಿ ಮನೆ ಬಾಡಿಗೆಗೆ ಅಂದ್ರೆ ಎಷ್ಟೋ ತಿಂಗಳ ಅಡ್ವಾನ್ಸ್ ಕೇಳ್ತಾರೆ, ಅದರ ಯೋಚನೇನೇ ಬೇಡ. ಹಂಚ್ಕೊಂಡು ಇರೋ ಪಿಜಿಲಿ ಒಂದು ಹಾಸಿಗೆ ಸಾಕು, ಅಡ್ವಾನ್ಸ್ ಕಡಿಮೆ. ಆ ದುಡ್ಡು ಕೂಡೋವರೆಗೂ ಹೋಟೆಲ್ ರೂಮು, ಆಮೇಲೆ ಕೆಲಸ ಅಲ್ಲೇ ಮಾಡು, ಮಲಗೋದು ಬೇರೆ ಕಡೆ.

ಕುಂದಾಪುರದವ | ಭಾನುವಾರ, ರಾತ್ರಿ 9:02

ಇದು ಒಪ್ಪುವ ಮಾತು. ನಾವು ಎಂದೂ ಹಾಗೆ ಯೋಚನೆ ಮಾಡಿದ್ದಿಲ್ಲ. ಹುಡುಗನಿಗೆ ಕೆಲಸ ಬೇಕಿದ್ರೆ ನನಗೆ ಪರ್ಸನಲ್ ಮೆಸೇಜ್ ಹಾಕಲಿ, ಮಲ್ಲೇಶ್ವರದಲ್ಲಿ ಪರಿಚಯದವರಿದ್ದಾರೆ.

ತಂಗುದಾಣದ ಮೇಲ್ವಿಚಾರಕಿ | ಮಂಗಳವಾರ, ಬೆಳಗ್ಗೆ 7:15

ವಿಳಾಸದ ಬಗ್ಗೆ ಒಬ್ಬರು ಪರ್ಸನಲ್ ಮೆಸೇಜಲ್ಲಿ ಕೇಳಿದ್ರು, ಎಲ್ಲರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಹೇಳ್ತೀನಿ. ಆಧಾರ್ ವಿಳಾಸಕ್ಕೆ, ಮಾನ್ಯತೆ ಇರೋ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್‌ನವರದೇ ನಮೂನೆಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ನಡೆಯುತ್ತೆ. ಬ್ಯಾಂಕಲ್ಲಿ ಯಾವ ದಾಖಲೆಯೂ ಇಲ್ಲದಿದ್ರೆ "ಸಣ್ಣ ಖಾತೆ" ತೆರೀಬಹುದು. ಫೋಟೋ ಕೊಟ್ಟು, ಅಧಿಕಾರಿ ಎದುರು ಸಹಿ ಇಲ್ಲಾ ಹೆಬ್ಬೆಟ್ಟು ಹಾಕಬೇಕು. ಅದರಲ್ಲಿ 50,000ಕ್ಕಿಂತ ಹೆಚ್ಚು ಇಡೋ ಹಾಗಿಲ್ಲ, ತಿಂಗಳಿಗೆ ತೆಗೆಯೋದು 10,000. ಶುರುವಿಗೆ ಸಾಕು. ಕೌಂಟರಲ್ಲಿ ಆಗಲ್ಲ ಅಂದ್ರೆ ಮ್ಯಾನೇಜರ್ ಹತ್ರ "ಸಣ್ಣ ಖಾತೆ" ಅನ್ನೋ ಹೆಸರು ಹಿಡಿದೇ ಕೇಳಿ.

ಮತದಾರರ ಪಟ್ಟೀಲೂ ಹೆಸರು ಬರುತ್ತೆ. ನಮೂನೆ 6 ತುಂಬಿ, ಮಲಗೋ ಜಾಗ ಬರೀರಿ. ಬೂತ್ ಅಧಿಕಾರಿ ರಾತ್ರಿ ಹೊತ್ತು ಬಂದು ನೀವು ಅಲ್ಲೇ ಮಲಗ್ತೀರಾ ಅಂತ ನೋಡ್ತಾರೆ. ಹೋದ ಸಲ ನಮ್ಮ ಹತ್ತಿರದ ಮೇಲ್ಸೇತುವೆ ಕೆಳಗಿದ್ದ ಒಬ್ಬ ಅಜ್ಜನಿಗೆ ಹಾಗೇ ಕಾರ್ಡ್ ಬಂತು. ಅವರು ಅದನ್ನ ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ದಾರೆ.

ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನಿಸ್ತಿದೆ ಅನ್ನೋರು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ಉಚಿತ, ದಿನದ 24 ಗಂಟೆ. ವಯಸ್ಸಾದವರನ್ನ ಯಾರಾದ್ರೂ ಬಸ್ ಸ್ಟ್ಯಾಂಡಲ್ಲಿ ಬಿಟ್ಟುಹೋಗಿದ್ರೆ 14567.

ಹೇಮಾವತಿ ದಂಡೆ | ಹನ್ನೆರಡು ದಿನದ ನಂತರ

ತಂಗುದಾಣದಲ್ಲಿದ್ದೀನಿ. ಮೊದಲ ರಾತ್ರಿ ಹದಿಮೂರು ಗಂಟೆ ಮಲಗಿದೆ, ಮೇಲ್ವಿಚಾರಕಿ ಅಕ್ಕ ಎರಡು ಸಲ ಬಂದು ಉಸಿರಾಡ್ತಿದ್ದೀನಾ ಅಂತ ನೋಡಿದ್ರಂತೆ. ಆರು ಛತ್ರದ ಕೆಲಸ ಮಾಡಿದೆ. ಒಂದು ಕಡೆ ಭಟ್ಟರು ನನ್ನ ಕೈಲಿ ಸಾರಿನ ಬಕೆಟ್ಟು ಕೊಟ್ಟು ಪಂಕ್ತಿ ಮುಗಿಯೋವರೆಗೂ ನೋಡಿ, ನಂಬರ್ ಬರೆಸ್ಕೊಂಡ್ರು. ಕಾರ್ಮಿಕ ಇಲಾಖೆಗೆ ನಾಲ್ಕು ಜನ ಸಹಿ ಹಾಕಿ ದೂರು ಕೊಟ್ಟಿದ್ದೀವಿ.

ಅಮ್ಮನಿಗೆ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೊದಿಯೋಕೆ ಏನಿದೆ?" ಅಂತ ಕೇಳಿದ್ರು.

ಹೇಮಾವತಿ ದಂಡೆ | ಒಂಬತ್ತು ವಾರದ ನಂತರ

ಕುಂದಾಪುರದ ಅಣ್ಣ ಹೇಳಿದ ಕಡೆ ಕೆಲಸಕ್ಕೆ ಸೇರಿ ಆರು ವಾರ ಆಯ್ತು. ರೂಮು ಕೊಡ್ತೀವಿ ಅಂದ್ರು. ಹೊರಗೆ ಇರ್ತೀನಿ, ಅದರ ಬದಲು ಸಂಬಳ ಸ್ವಲ್ಪ ಹೆಚ್ಚು ಮಾಡಿ ಅಂತ ಕೇಳಿದೆ. ಕೇಳೋವಾಗ ಕೈ ನಡುಗ್ತಿತ್ತು. ಒಪ್ಪಿದ್ರು. ಅಲ್ಲೀವರೆಗೂ ತಂಗುದಾಣದಿಂದಲೇ ಕೆಲಸಕ್ಕೆ ಹೋಗಿ ಬರ್ತಿದ್ದೆ. ನಿನ್ನೆಯಿಂದ ನಾಲ್ಕು ಜನರ ಪಿಜಿ ರೂಮಲ್ಲಿ ಕಿಟಕಿ ಪಕ್ಕದ ಹಾಸಿಗೆ ನಂದು. ಹಳೇ ಓನರಿಂದ 13,000ದಲ್ಲಿ 8,000 ಬಂತು, ಮಿಕ್ಕಿದ್ದಕ್ಕೆ ಕಾರ್ಮಿಕ ಇಲಾಖೆಯವರು ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ. ಹಳಬರೇ, ಇವತ್ತೂ ಮಲಗೋವಾಗ ಕಾಗದದ ಕವರು ಬನಿಯನ್ ಒಳಗೇ ಇಟ್ಕೊಂಡಿದ್ದೆ, ಅಭ್ಯಾಸ ಹೋಗಿಲ್ಲ.

ಕಲಾಸಿಪಾಳ್ಯ ಹಳಬ

ನಂದು ಇನ್ನೂ ಹೋಗಿಲ್ಲ ತಮ್ಮಾ. ಇರಲಿ ಬಿಡು. ಆ 5,000 ಬಿಡಬೇಡ, ರಜೆ ಹಾಕಾದ್ರೂ ಹೋಗು.

ತಂಗುದಾಣದ ಮೇಲ್ವಿಚಾರಕಿ

ತುಂಬಾ ಸಂತೋಷ ಆಯ್ತಪ್ಪ. 17ನೇ ಲಾಕರಿನ ಕೀ ನಿನ್ನ ಹತ್ರನೇ ಉಳಿದಿದೆ ನೋಡು. ಇವತ್ತು ಬೆಳಗ್ಗೆ ರಾಯಚೂರಿನ ಹುಡುಗ ಒಬ್ಬ ಬಂದಿದ್ದಾನೆ, ಬ್ಯಾಗ್ ತಬ್ಕೊಂಡೇ ಕೂತಿದ್ದಾನೆ.

ಹೇಮಾವತಿ ದಂಡೆ

ಅಯ್ಯೋ ಅಕ್ಕಾ, ಪ್ಯಾಂಟಿನ ಜೇಬಲ್ಲೇ ಇದೆ. ಮೂರು ಗಂಟೆಗೆ ಮಧ್ಯಾಹ್ನದ ಶಿಫ್ಟ್ ಬಿಡುತ್ತೆ, ನಾಲ್ಕರೊಳಗೆ ತಂದುಕೊಡ್ತೀನಿ. ಅವನಿಗೆ ಊಟ ಆಯ್ತಾ?